ನನ್ನನ್ನೇ ಕೇಳಿದವರಿಗೆ ಒಂದು ಥ್ಯಾಂಕ್ಸ್

ನಮ್ಮ ಮದುವೆಗೆ ಮೊನ್ನೆ ಒಂದು ವರ್ಷ ತುಂಬಿತು. ಊಟಕ್ಕೆ ಯಾರನ್ನೂ ಕರೆಯಲಿಲ್ಲ, ಫೋಟೋನೂ ಹಾಕಲಿಲ್ಲ. ಮೈಸೂರಿನ ಒಂದು ನಾಗರಿಕ ಹಕ್ಕುಗಳ ಸಂಘಟನೆಗೆ ನಾವಿಬ್ಬರೂ ಎಲ್ಲರ ಎದುರು ಥ್ಯಾಂಕ್ಸ್ ಹೇಳಬೇಕಿತ್ತು. ಅದಕ್ಕೇ ಈ ಬರಹ. ಹೆಸರು ಹಾಕಬೇಡಿ ಎಂದು ಅವರೇ ಹೇಳಿದ್ದಾರೆ. ನಮ್ಮ ದೆಸೆಯಿಂದ ಅವರಿಗೆ ಬಂದ ಬೈಗುಳದ ಫೋನುಗಳೇ ಸಾಕಷ್ಟಿವೆ, ಇನ್ನಷ್ಟು ಯಾಕೆ?

ನಾನು ಮಂಡ್ಯ ಜಿಲ್ಲೆಯ ಒಂದು ಹಳ್ಳಿಯ ಒಕ್ಕಲಿಗರ ಮನೆ ಹುಡುಗಿ. ಮೈಸೂರಿನ ಲ್ಯಾಬ್ ಒಂದರಲ್ಲಿ ಟೆಕ್ನೀಷಿಯನ್ ಕೆಲಸ. ನನ್ನ ಗಂಡ ಪರಿಶಿಷ್ಟ ಜಾತಿಯವರು, ಹೂಟಗಳ್ಳಿ ಕಡೆಯ ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಷಿಯನ್. ಇಷ್ಟು ಹೇಳಿದರೆ ನಮ್ಮ ಕಡೆಯವರಿಗೆ ಉಳಿದ ಕಥೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಅಗ್ರಹಾರದ ಹತ್ತಿರ ಪ್ರಿಂಟಿಂಗ್ ಪ್ರೆಸ್ ಮೇಲಿನ ಒಂದು ಕೋಣೆ ಆ ಸಂಘಟನೆಯ ಆಫೀಸು. ಹಳೇ ಪೇಪರ್ ಕಟ್ಟು, ಮಡಚುವ ಕುರ್ಚಿಗಳು, ತಿರುಗಿದರೆ ಸದ್ದು ಮಾಡುವ ಫ್ಯಾನು. ನಾವಿಬ್ಬರೂ ಹೋದಾಗ ಮೊದಲು ಮಾಡಿದ ಕೆಲಸ ಏನು ಗೊತ್ತಾ? ನನ್ನ ಗಂಡನನ್ನು ಟೀ ಕುಡಿದು ಬನ್ನಿ ಎಂದು ಕೆಳಗೆ ಕಳಿಸಿದರು. ಬಾಗಿಲು ಹಾಕಿದರು. ವಕೀಲರಾದ ಒಬ್ಬ ಅಕ್ಕ ನನ್ನೆದುರು ಕೂತು ಕೇಳಿದರು: "ಇದು ನಿನ್ನ ತೀರ್ಮಾನನೇನಮ್ಮ? ಅವರು ಒತ್ತಾಯ ಮಾಡ್ತಿದ್ದಾರಾ? ಮನೇಲಿ ಬೇರೆ ಗಂಡು ನೋಡ್ತಿದ್ದಾರೆ ಅನ್ನೋ ಗಾಬರಿಗೆ ಆಗ್ತಿದ್ದೀಯಾ? ಇನ್ನೊಂದು ವರ್ಷ ಬಿಟ್ಟು ನೋಡ್ತೀನಿ ಅಂದ್ರೂ ನಾವು ನಿನ್ನ ಜೊತೆ ಇರ್ತೀವಿ."

ನನಗೆ ರೇಗಿ ಹೋಯಿತು. ಸಹಾಯ ಕೇಳಿ ಬಂದರೆ ಇವರೂ ನಮ್ಮ ಸೋದರತ್ತೆ ಸೋದರಮಾವಂದಿರ ಥರ ವಿಚಾರಣೆ ಶುರು ಮಾಡಿದರಲ್ಲ ಅನ್ನಿಸಿತು. ಮುಂದಿನ ವಾರ ಹೋದಾಗ ಇನ್ನೊಬ್ಬರು ಅದನ್ನೇ ಕೇಳಿದರು. ಅರ್ಜಿ ಕೊಡುವ ದಿನ ಬೆಳಿಗ್ಗೆ ಮತ್ತೆ ಅದೇ. ಆದರೆ ಯೋಚನೆ ಮಾಡಿ ನೋಡಿ. ನನ್ನ ಮದುವೆ ಬಗ್ಗೆ ಊರಲ್ಲಿ ಪಂಚಾಯ್ತಿ ಸೇರಿತು, ದೊಡ್ಡಪ್ಪನ ಮನೆಯಲ್ಲಿ ಸೇರಿತು, ವಾಟ್ಸಾಪ್ ಗ್ರೂಪಿನಲ್ಲಿ ದಿನಗಟ್ಟಲೆ ನಡೆಯಿತು. ಅಷ್ಟು ಜನರಲ್ಲಿ ಒಬ್ಬರೂ "ನಿನಗೇನು ಬೇಕು?" ಎಂದು ನನ್ನ ಕಡೆ ತಿರುಗಿ ಕೇಳಲಿಲ್ಲ. ಈ ಕೋಣೆಯಲ್ಲಿ ಮಾತ್ರ ಕೇಳಿದರು. ನಾನು ಹೇಳಿದ್ದನ್ನು ಬರೆದುಕೊಂಡರು. ನನ್ನ ಥ್ಯಾಂಕ್ಸ್‌ನ ಮುಕ್ಕಾಲು ಪಾಲು ಇದಕ್ಕೇ.

ಮದುವೆ ಹೇಗೆ ಆಗಬೇಕು ಎನ್ನುವುದನ್ನೂ ನನಗೇ ಬಿಟ್ಟರು. ಇಬ್ಬರೂ ಹಿಂದೂಗಳೇ ಆದ್ದರಿಂದ ದೇವಸ್ಥಾನದಲ್ಲಿ ತಾಳಿ ಕಟ್ಟಿ ಹಿಂದೂ ವಿವಾಹ ಕಾಯ್ದೆಯಡಿ ನೋಂದಣಿ ಮಾಡಿಸಬಹುದು, ಬೇಗ ಮುಗಿಯುತ್ತದೆ, ಮುಂಚೆ ನೋಟಿಸ್ ಹಾಕುವ ತಾಪತ್ರಯವಿಲ್ಲ ಎಂದರು. ಇನ್ನೊಂದು ದಾರಿ 1954ರ ವಿಶೇಷ ವಿವಾಹ ಕಾಯ್ದೆ. ಅದರಲ್ಲಿ ಅರ್ಜಿ ಕೊಟ್ಟ ಮೇಲೆ ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಾಕುತ್ತಾರೆ, 30 ದಿನ ಕಾಯಬೇಕು. "ಆ 30 ದಿನಾನೇ ಅಪಾಯ" ಎಂದು ಅಕ್ಕ ಮುಚ್ಚುಮರೆಯಿಲ್ಲದೆ ಹೇಳಿದರು. ಆದರೂ ನಾನು ಎರಡನೆಯದನ್ನೇ ಆರಿಸಿದೆ. ಓಡಿಹೋಗಿ ಕದ್ದು ಮದುವೆಯಾದಳು ಎಂದು ನಾಳೆ ಯಾರೂ ಆಡಿಕೊಳ್ಳಬಾರದಿತ್ತು. ಸರಿ ಎಂದರು. ಮತ್ತೆ ಅದರ ಬಗ್ಗೆ ವಾದ ಮಾಡಲಿಲ್ಲ.

ವಯಸ್ಸಿನ ದಾಖಲೆಗೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಬೇಕಿತ್ತು. ಅದು ಊರಲ್ಲಿ, ಅಪ್ಪನ ಬೀರುವಿನಲ್ಲಿ. ಅದನ್ನು ಹೊರಗೆ ತಂದವರು ನಮ್ಮ ಅತ್ತಿಗೆ. ರಾಗಿ ಹಿಟ್ಟಿನ ಚೀಲದೊಳಗೆ ಪ್ಲಾಸ್ಟಿಕ್ ಕವರ್ ಸುತ್ತಿ ಇಟ್ಟು, ಮೈಸೂರಿಗೆ ಬರುವವರ ಕೈಯಲ್ಲಿ ಕಳಿಸಿದರು. ಅತ್ತಿಗೆ, ನೀವು ಇದನ್ನು ಓದುತ್ತೀರಿ ಅಂತ ಗೊತ್ತು. ಹಿಟ್ಟೂ ಚೆನ್ನಾಗಿತ್ತು.

ಹೆದರಿದ್ದು ಹಾಗೇ ಆಯಿತು. ನೋಟಿಸಿನ ಫೋಟೋ ಯಾರೋ ಹೊಡೆದು ಊರಿನ ಗ್ರೂಪಿಗೆ ಹಾಕಿದರು. ಆಕ್ಷೇಪಣೆ ಸಲ್ಲಿಸುತ್ತೇವೆ ಎಂದು ನಮ್ಮವರು ಬಂದರು. ಆದರೆ ಆಕ್ಷೇಪಣೆಗೆ ಕಾಯ್ದೆಯಲ್ಲೇ ಲೆಕ್ಕವಿದೆ: ಮೊದಲೇ ಮದುವೆಯಾಗಿ ಆ ಗಂಡನೋ ಹೆಂಡತಿಯೋ ಇರಬೇಕು, ಹುಡುಗನಿಗೆ 21, ಹುಡುಗಿಗೆ 18 ತುಂಬಿರಬಾರದು, ಒಪ್ಪಿಗೆ ಕೊಡುವ ಮಾನಸಿಕ ಸ್ಥಿತಿ ಇರಬಾರದು, ಇಲ್ಲವೇ ಮದುವೆಯಾಗಬಾರದ ಹತ್ತಿರದ ನಂಟಿರಬೇಕು. ಜಾತಿ ಬೇರೆ ಎನ್ನುವುದು ಆ ಪಟ್ಟಿಯಲ್ಲಿಲ್ಲ. ಸಂಘಟನೆಯವರು ಸರದಿ ಪ್ರಕಾರ ಆ ಕಚೇರಿಯ ಬೆಂಚಿನಲ್ಲಿ ಹೋಗಿ ಕೂತಿರುತ್ತಿದ್ದರು. ಒಬ್ಬ ರಿಟೈರ್ಡ್ ಮೇಷ್ಟ್ರು ಪದಬಂಧ ಬಿಡಿಸುತ್ತಾ ಕೂರುತ್ತಿದ್ದರಂತೆ. ಬೇರೇನೂ ಮಾಡಲಿಲ್ಲ, ಸುಮ್ನೆ ಕೂತಿದ್ದರು. ಆದರೆ ಅಷ್ಟಕ್ಕೇ ಕೂಗಾಟ ಅರ್ಧ ಕಮ್ಮಿಯಾಯಿತು.

ಆಮೇಲೆ ಮನೆಯವರು ಮಿಸ್ಸಿಂಗ್ ಕಂಪ್ಲೇಂಟ್ ಕೊಟ್ಟರು. ದಿನವೂ ಲ್ಯಾಬಿಗೆ ಹೋಗಿ ಬರುತ್ತಿದ್ದ ನಾನು ಕಾಗದದಲ್ಲಿ ಕಾಣೆಯಾದೆ! ಆ ಕಡೆಯ ಸ್ಟೇಷನ್ನಿಂದ ಫೋನು: "ಬಂದು ಹೇಳಿಕೆ ಕೊಡಿ, ಇಲ್ಲಾಂದ್ರೆ ಹುಡುಗನ ಮೇಲೆ ಕಿಡ್ನಾಪ್ ಕೇಸ್ ಆಗುತ್ತೆ." ಅಲ್ಲಿಗೆ ಹೋದರೆ ಹೊರಗೆ ಯಾರ್ಯಾರು ನಿಂತಿರುತ್ತಾರೆ ಎಂದು ನನಗೆ ಗೊತ್ತಿತ್ತು. ಅಕ್ಕ 2021ರ ಒಂದು ಸುಪ್ರೀಂ ಕೋರ್ಟ್ ತೀರ್ಪು ತೆಗೆದರು. ನಮ್ಮ ಕರ್ನಾಟಕದ್ದೇ ಕೇಸು, ಬೆಳಗಾವಿ ಜಿಲ್ಲೆಯದು. ಅಲ್ಲೂ ತಾನಾಗಿ ಮದುವೆಯಾದ ಹುಡುಗಿ, ಮಿಸ್ಸಿಂಗ್ ಕಂಪ್ಲೇಂಟ್, ಸ್ಟೇಷನ್ನಿಗೇ ಬಾ ಎನ್ನುವ ಹಟ, ಕಿಡ್ನಾಪ್ ಬೆದರಿಕೆ. ವಯಸ್ಸಿಗೆ ಬಂದ ಇಬ್ಬರು ಒಪ್ಪಿದ ಮೇಲೆ ಮನೆಯವರ, ಕುಲದವರ ಒಪ್ಪಿಗೆ ಬೇಕಿಲ್ಲ ಎಂದು ಕೋರ್ಟು ಹೇಳಿತು. ಇಂಥ ಪ್ರಕರಣಗಳಲ್ಲಿ ಹೇಗೆ ನಡೆದುಕೊಳ್ಳಬೇಕು ಎಂದು ಪೊಲೀಸರಿಗೆ ತರಬೇತಿ ಕೊಡಲೂ ಹೇಳಿತು. ಓದುವಾಗ ನನ್ನ ಫೋನ್ ಕರೆಯನ್ನೇ ಯಾರೋ ಮೊದಲೇ ಬರೆದಿಟ್ಟ ಹಾಗಿತ್ತು.

ನನ್ನ ಹೇಳಿಕೆಯನ್ನು ನಾನೇ ಬರೆದೆ. ವಾಕ್ಯ ಅವರು ಹೇಳಿಕೊಡಲಿಲ್ಲ, ಏನೇನು ಬಿಟ್ಟುಹೋಗಿದೆ ಅಂತ ಮಾತ್ರ ತೋರಿಸಿದರು. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಸ್ಟೇಷನ್ನಿಗೆ, ಮೇಲಧಿಕಾರಿಗಳಿಗೆ ಪ್ರತಿ ಹೋಯಿತು. ಕೊನೆಗೆ ಪೊಲೀಸರೇ ಮೈಸೂರಿಗೆ ಬಂದರು. ಜೊತೆಯಲ್ಲಿದ್ದ ಮಹಿಳಾ ಪೇದೆ ನನ್ನ ಮಾತನ್ನು ನಿಧಾನವಾಗಿ ಕೇಳಿ ಬರೆದುಕೊಂಡರು, ಓದಿ ಹೇಳಿ ಸಹಿ ಹಾಕಿಸಿಕೊಂಡರು. ಅವರಿಗೂ ನನ್ನ ನಮಸ್ಕಾರ.

ಆ ತಿಂಗಳು ಎಲ್ಲಿ ಇರುವುದು ಎನ್ನುವುದೇ ದೊಡ್ಡ ತಲೆನೋವಾಗಿತ್ತು. ಶಕ್ತಿ ವಾಹಿನಿ ಎಂಬ ಸಂಸ್ಥೆ 2010ರಲ್ಲಿ ಹಾಕಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2018ರ ಮಾರ್ಚ್‌ನಲ್ಲಿ ತೀರ್ಪು ಕೊಟ್ಟಿದೆ. ಇಂಥ ಜೋಡಿಗಳಿಗೆ ಜಿಲ್ಲೆಗಳಲ್ಲಿ ವಿಶೇಷ ಘಟಕ, 24 ಗಂಟೆಯ ಸಹಾಯವಾಣಿ ಬೇಕು, ಸುರಕ್ಷಿತ ಮನೆಗಳನ್ನು ಮಾಡುವುದನ್ನೂ ಸರ್ಕಾರಗಳು ನೋಡಬೇಕು ಎಂದು ಅದರಲ್ಲಿದೆ. ಅದನ್ನು ಹಿಡಿದುಕೊಂಡು ಒಂದು ಕಚೇರಿಯಲ್ಲಿ ಕೇಳಿದರೆ ಇನ್ನೊಂದು ಕಚೇರಿ ತೋರಿಸಿದರು. ಅಲ್ಲಿ ಕೇಳಿದರೆ ಸಾಹೇಬರು ಮೀಟಿಂಗಿನಲ್ಲಿದ್ದರು. ಆ ತಿಂಗಳಿಡೀ ನಾನಿದ್ದದ್ದು ಸರಸ್ವತಿಪುರದಲ್ಲಿ, ಸಂಘಟನೆಯ ಸದಸ್ಯೆಯೊಬ್ಬರ ಮನೆಯಲ್ಲಿ. ಬಾಡಿಗೆ ಕೊಡಲು ಹೋದರೆ ಬೈದರು. ಅವರ ಮಗಳ ಕೋಣೆ ಬಿಟ್ಟುಕೊಟ್ಟರು, ಆ ಹುಡುಗಿ ಪರೀಕ್ಷೆಯ ಸಮಯದಲ್ಲಿ ಹಾಲ್‌ನಲ್ಲಿ ಮಲಗಿದಳು. ಪುಟ್ಟಿ, ನಿನಗೆ ಡಿಸ್ಟಿಂಕ್ಷನ್ ಬಂದಿದ್ದಕ್ಕೆ ನಿಮ್ಮಮ್ಮನಿಗಿಂತ ಜಾಸ್ತಿ ಖುಷಿಪಟ್ಟವಳು ನಾನು.

ಇವರಿಗೆಲ್ಲ ದುಡ್ಡು ಎಲ್ಲಿಂದ ಬರುತ್ತೆ ಎಂದು ನಮ್ಮೂರಿನವರು ಕೇಳಿದ್ದರು. ನನಗೂ ಆ ಅನುಮಾನವಿತ್ತು, ಕೇಳಿಯೇಬಿಟ್ಟೆ. ಸದಸ್ಯರ ಚಂದಾ, ಅಷ್ಟೇ. ಪುಸ್ತಕ ತೆಗೆದು ತೋರಿಸಿದರು. ಮೇಷ್ಟ್ರು ಆವತ್ತು ಹಳೇ ಕಥೆ ತೆಗೆದರು. ತುರ್ತು ಪರಿಸ್ಥಿತಿಯಲ್ಲಿ, 1976ರಲ್ಲಿ, ಜಯಪ್ರಕಾಶ್ ನಾರಾಯಣ್ ಶುರು ಮಾಡಿದ ನಾಗರಿಕ ಹಕ್ಕುಗಳ ಸಂಘಟನೆಯೇ ಮುಂದೆ ಪಿಯುಸಿಎಲ್ (ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್) ಆಯಿತು. ಓಟಿನ ಮಿಷನ್ನಿನಲ್ಲಿ ನೋಟಾ ಬಟನ್ ಬಂದಿದ್ದು ಪಿಯುಸಿಎಲ್ ಹಾಕಿದ ಕೇಸಿನಲ್ಲಿ, 2013ರಲ್ಲಿ. ಶಾಲೆಗಳಲ್ಲಿ ಬೇಯಿಸಿದ ಮಧ್ಯಾಹ್ನದ ಊಟ ಕೊಡಲೇಬೇಕು ಎಂದು 2001ರಲ್ಲಿ ಕೋರ್ಟು ಆದೇಶಿಸಿದ್ದೂ ಅವರದೇ ಅರ್ಜಿಯಲ್ಲಿ. ನಾನು ಆ ಊಟ ಉಂಡೇ ಬೆಳೆದವಳು, ಇದು ಗೊತ್ತೇ ಇರಲಿಲ್ಲ. ಮದ್ದೂರಿನ ಶಿವಪುರದಲ್ಲಿ 1938ರಲ್ಲಿ ನಿಷೇಧಾಜ್ಞೆ ಮುರಿದು ಸ್ವಾತಂತ್ರ್ಯ ಚಳವಳಿಯ ಬಾವುಟ ಹಾರಿಸಿದವರೂ ಇದೇ ಕೆಲಸ ಮಾಡಿದ್ದು ಎಂದರು ಮೇಷ್ಟ್ರು. ಅವರು ಶುರು ಮಾಡಿದರೆ ನಿಲ್ಲಿಸುವುದು ಕಷ್ಟ, ಸಂಜೆ ಕೊನೇ ಬಸ್ಸಿನವರು ಹುಷಾರಾಗಿರಬೇಕು.

ಒಂದು ಮಾತು ಮುಚ್ಚಿಡುವುದಿಲ್ಲ. ಆ ಆಫೀಸಿಗೆ ಬರುವ ಎಲ್ಲರೂ ನನಗೆ ಇಷ್ಟವಾಗಲಿಲ್ಲ. ಪಂಪ್‌ಸೆಟ್ ಕೇಬಲ್ ಕದ್ದ ಆರೋಪದವನ ತಾಯಿಯೂ ಅಲ್ಲಿ ಕೂತಿದ್ದಳು. ಹಿಡಿದ 24 ಗಂಟೆಯೊಳಗೆ ಅವನನ್ನು ಕೋರ್ಟಿಗೆ ಹಾಜರುಪಡಿಸಿಲ್ಲ ಎಂದು ಅಕ್ಕ ಅವನಿಗೂ ಅಷ್ಟೇ ಓಡಾಡುತ್ತಿದ್ದರು. ರೈತರ ಮನೆಯವಳಾಗಿ ನನಗೆ ಕೇಬಲ್ ಕಳ್ಳರೆಂದರೆ ಮೈ ಉರಿಯುತ್ತದೆ, ಈಗಲೂ. ಆ ವಿಷಯದಲ್ಲಿ ಅಕ್ಕನ ಜೊತೆ ನನ್ನ ಜಗಳ ಮುಗಿದಿಲ್ಲ. ಟೀ ಮಾತ್ರ ಆ ತಾಯಿಗೂ ನನಗೂ ಒಂದೇ ಫ್ಲಾಸ್ಕಿನಿಂದ ಕೊಡುತ್ತಿದ್ದರು.

ಅಪ್ಪ ಇನ್ನೂ ಮಾತಾಡಿಲ್ಲ. ಅವ್ವ, ಅಪ್ಪ ಡೈರಿಗೆ ಹಾಲು ಹಾಕಲು ಹೋದಾಗ ಫೋನ್ ಮಾಡುತ್ತಾರೆ. ಸಾಕ್ಷಿ ಹಾಕಿದ ಮೂವರಿಗೆ, ರಜೆ ಕೊಟ್ಟ ನಮ್ಮ ಲ್ಯಾಬಿನ ಮೇಡಂಗೆ, ಮಗನನ್ನು ಮನೆಯಿಂದ ಆಚೆ ಹಾಕದೆ ನನ್ನನ್ನೂ ಒಳಗೆ ಕರೆದುಕೊಂಡ ಅತ್ತೆಗೆ ಎಲ್ಲರಿಗೂ ಥ್ಯಾಂಕ್ಸ್.

ನಾವಿಬ್ಬರೂ ಈಗ ಚಂದಾ ಕಟ್ಟಿ ಸದಸ್ಯರಾಗಿದ್ದೇವೆ. ಇಂಥದೇ ಇಕ್ಕಟ್ಟಿನಲ್ಲಿರುವ ಹುಡುಗಿಯರು ಇದನ್ನು ಓದುತ್ತಿದ್ದರೆ, ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಕಾನೂನು ನೆರವಿಗೆ 15100. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ. ಮಾರ್ಕ್ಸ್ ಕಾರ್ಡನ್ನು ಮೊದಲೇ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಎಲ್ಲರಿಗೂ ನಮ್ಮ ಅತ್ತಿಗೆಯಂಥ ಅತ್ತಿಗೆ ಇರುವುದಿಲ್ಲ.