ಔಷಧ ಪಟ್ಟಿಯ ಷರಾ ಕಾಲಂ

ಮಾನ್ಯರೆ,

ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಇಲ್ಲ ಎಂಬ ಸುದ್ದಿ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಯಾವ ಮಾತ್ರೆ ಇರಬೇಕು ಅಂತ ಯಾರು, ಹೇಗೆ ತೀರ್ಮಾನ ಮಾಡುತ್ತಾರೆ ಎಂಬುದು ಮಾತ್ರ ಸುದ್ದಿಯಾಗುವುದೇ ಇಲ್ಲ. ಬಯಲುಸೀಮೆಯ ಮೂರು ಆಸ್ಪತ್ರೆಗಳಲ್ಲಿ 29 ವರ್ಷ ಫಾರ್ಮಸಿಸ್ಟ್ ಆಗಿದ್ದವಳು ನಾನು. ಕೊನೆಕೊನೆಗೆ ಹುದ್ದೆಯ ಹೆಸರು ‘ಫಾರ್ಮಸಿ ಅಧಿಕಾರಿ’ ಅಂತಾಯಿತು. ಔಷಧ ಕೊಡುವ ಕಿಟಕಿ ಅದೇ ಇತ್ತು.

ವರ್ಷಕ್ಕೊಮ್ಮೆ ನಮಗೆ ಇಂಡೆಂಟ್ ನಮೂನೆ, ಅಂದರೆ ಬೇಕಾದ ಔಷಧಗಳ ಬೇಡಿಕೆ ಪಟ್ಟಿ, ಬರುತ್ತಿತ್ತು. ಔಷಧದ ಹೆಸರು, ಹೋದ ವರ್ಷ ಖರ್ಚಾದದ್ದು, ಈ ವರ್ಷ ಬೇಕಾದದ್ದು, ಕೊನೆಗೆ ಷರಾ. ಹೆಸರುಗಳು ಮೇಲಿಂದಲೇ ಅಚ್ಚಾಗಿ ಬಂದಿರುತ್ತಿದ್ದವು. ನಮ್ಮ ಕೆಲಸ ಸಂಖ್ಯೆ ತುಂಬುವುದಷ್ಟೇ. ಆ ಸಂಖ್ಯೆಯಲ್ಲೂ ಒಂದು ತಮಾಷೆ ಇದೆ. ಸಕ್ಕರೆ ಕಾಯಿಲೆಯ ಒಂದು ಮಾತ್ರೆ ನಾಲ್ಕು ತಿಂಗಳು ಬರಲೇ ಇಲ್ಲ ಅನ್ನಿ. ಖರ್ಚು ಎಂಟೇ ತಿಂಗಳದ್ದು ತೋರಿಸುತ್ತದೆ. ‘ಹೋದ ವರ್ಷ ಇಷ್ಟೇ ಖರ್ಚಾಗಿದೆಯಲ್ಲ’ ಎಂದು ಮುಂದಿನ ವರ್ಷ ಅಷ್ಟೇ ಕೊಡುತ್ತಾರೆ. ಇಲ್ಲದ ಮಾತ್ರೆಯನ್ನು ನಾನು ಹೇಗೆ ಖರ್ಚು ಮಾಡಲಿ?

ಷರಾ ಕಾಲಂನಲ್ಲಿ ನಾನು ಪ್ರತಿ ವರ್ಷ ಬರೆಯುತ್ತಿದ್ದೆ. ಒಂದು ಸಲ ಬರೆದದ್ದು ಬಿಪಿ ಮಾತ್ರೆ ಅಮ್ಲೋಡಿಪಿನ್ ಬಗ್ಗೆ. ವಯಸ್ಸಾದವರಿಗೆ ವೈದ್ಯರು 2.5 ಮಿಲಿಗ್ರಾಂ ಬರೆಯುತ್ತಿದ್ದರು. ಕೇಂದ್ರ ಸರ್ಕಾರದ ರಾಷ್ಟ್ರೀಯ ಅಗತ್ಯ ಔಷಧ ಪಟ್ಟಿಯಲ್ಲಿ ಆ ಅಳತೆಯ ಮಾತ್ರೆ ಇದೆ. ನಮ್ಮ ಕಿಟಕಿಗೆ ಬರುತ್ತಿದ್ದದ್ದು 5 ಮಾತ್ರ. ಬ್ಲೇಡಿನಲ್ಲಿ ಅರ್ಧ ಮಾಡಿಕೊಳ್ಳಿ ಎಂದು ಹೇಳಿ ಕಳಿಸುತ್ತಿದ್ದೆವು. ಮಾತ್ರೆಯ ನಡುವೆ ಗೆರೆ ಕೂಡ ಇರಲಿಲ್ಲ. ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ ಬಿಳಿ ಪುಡಿ ತೋರಿಸಿ, ‘ಮೇಡಮ್ಮೋರೆ, ಇದ್ರಾಗೆ ಅರ್ಧ ಯಾವ್ದು?’ ಎಂದು ಕೇಳಿದ್ದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇನ್ನೊಂದು ಸಲ ಮಕ್ಕಳ ಪ್ಯಾರಾಸಿಟಮಾಲ್ ಸಿರಪ್. ಅಲ್ಲಿಯವರೆಗೆ 5 ಮಿಲೀಗೆ 125 ಮಿಲಿಗ್ರಾಂ ಇದ್ದದ್ದು ಬರುತ್ತಿತ್ತು. ಆ ವರ್ಷ 250ರದ್ದು ಬಂತು. ಬಾಟಲಿ ಹೆಚ್ಚುಕಡಿಮೆ ಅದೇ, ಬಣ್ಣ ಅದೇ. ತಾಯಂದಿರಿಗೆ ‘ಜ್ವರ ಬಂದರೆ ಒಂದು ಮುಚ್ಚಳ’ ಅಂತ ಅಭ್ಯಾಸವಾಗಿ ಹೋಗಿತ್ತು. ನಮ್ಮ ಸ್ಟಾಫ್ ನರ್ಸ್ ಒಬ್ಬರು ಲೇಬಲ್ ಓದಿ ಓಡಿಬಂದು ಹೇಳದಿದ್ದರೆ ಎರಡು ಪಟ್ಟು ಕುಡಿಸುತ್ತಿದ್ದರು. ಪ್ರತಿ ಬಾಟಲಿಗೂ ಸ್ಕೆಚ್ ಪೆನ್ನಿನಲ್ಲಿ ‘ಅರ್ಧ ಮುಚ್ಚಳ’ ಎಂದು ಬರೆದು ಕೊಟ್ಟೆವು. ಓದಲು ಬಾರದವರಿಗೆ ಅರ್ಧ ತುಂಬಿದ ಮುಚ್ಚಳದ ಚಿತ್ರ. ಯಾವ ಮಗುವಿಗೂ ಏನೂ ಆಗಲಿಲ್ಲ, ಪುಣ್ಯ. ಅಳತೆ ಬದಲಿಸುವ ಮೊದಲು ಒಬ್ಬ ನರ್ಸನ್ನು ಕೇಳಿದ್ದರೆ ಇಷ್ಟೆಲ್ಲ ಬೇಕಿತ್ತಾ?

2022ರ ಸೆಪ್ಟೆಂಬರಿನಲ್ಲಿ ಆ ರಾಷ್ಟ್ರೀಯ ಪಟ್ಟಿ ಪರಿಷ್ಕರಣೆಯಾಯಿತು. 384 ಔಷಧಗಳು. 34 ಹೊಸದಾಗಿ ಸೇರಿದವು, 26 ಹೊರಬಿದ್ದವು. ಹೊರಬಿದ್ದದ್ದರಲ್ಲಿ ರಾನಿಟಿಡಿನ್ ಕೂಡ ಒಂದು, ನಮ್ಮ ಜನರ ‘ಗ್ಯಾಸ್ ಮಾತ್ರೆ’. ಕ್ಯಾನ್ಸರ್ ತರಬಲ್ಲ ಕಲ್ಮಶದ ಅನುಮಾನ ಕಾರಣ ಎಂದು ನನಗೆ ಗೊತ್ತಾದದ್ದು ಟಿವಿಯಿಂದ. ಇಲಾಖೆಯ ಒಂದು ಸಾಲಿನ ಪತ್ರವೂ ನಮ್ಮ ಕಿಟಕಿಗೆ ಬರಲಿಲ್ಲ. ಜನ ಕೇಳಿದರೆ ಏನು ಹೇಳೋಣ?

ಹಾಗಂತ ಆಸ್ಪತ್ರೆಯವರು ಕೇಳಿದ್ದನ್ನೆಲ್ಲ ಪಟ್ಟಿಗೆ ಸೇರಿಸಿ ಎಂದು ನಾನು ಹೇಳುತ್ತಿಲ್ಲ. ನಮ್ಮವರ ತಪ್ಪೂ ಇದೆ. ವರ್ಗವಾಗಿ ಬಂದ ತಜ್ಞರೊಬ್ಬರು ಒಂದು ದುಬಾರಿ ಆಂಟಿಬಯಾಟಿಕ್ ಬೇಕೇ ಬೇಕು ಎಂದು ಹಟ ಹಿಡಿದರು. ಆಸ್ಪತ್ರೆಯದೇ ಆದ ಆರೋಗ್ಯ ರಕ್ಷಾ ಸಮಿತಿಯ ದುಡ್ಡಿನಲ್ಲಿ ಲೋಕಲ್ ಪರ್ಚೇಸ್ ಮಾಡಿಸಿದರು. ವರ್ಷದೊಳಗೆ ಅವರಿಗೆ ಮತ್ತೆ ವರ್ಗವಾಯಿತು. ಇಂಜೆಕ್ಷನ್ನುಗಳು ಕಪಾಟಿನಲ್ಲೇ ಉಳಿದು ಡೇಟ್ ಬಾರ್ ಆದವು. ರಿಜಿಸ್ಟರಿನಿಂದ ಅವನ್ನು ತೆಗೆಸಲು ನಾನು ಎಷ್ಟು ಸಲ ಜಿಲ್ಲಾ ಕಚೇರಿಗೆ ಅಲೆದೆನೋ ಲೆಕ್ಕವಿಲ್ಲ. ಔಷಧ ಕಂಪನಿಯ ರೆಪ್ ಹೇಳಿದ್ದನ್ನು ನಂಬುವ ವೈದ್ಯರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಅದಕ್ಕೇ ಪಟ್ಟಿ ಬೇಕು.

ಆದರೆ ಪಟ್ಟಿಗೆ ಕಾರಣವೂ ಬೇಕು. ವಿಶ್ವ ಆರೋಗ್ಯ ಸಂಸ್ಥೆ 1977ರಿಂದ ಇಂಥ ಪಟ್ಟಿ ಮಾಡುತ್ತಿದೆ, ಎರಡು ವರ್ಷಕ್ಕೊಮ್ಮೆ ತಿದ್ದುತ್ತದೆ. ಯಾವ ಔಷಧ ಸೇರಿಸಿ ಎಂದು ಯಾರು ಅರ್ಜಿ ಹಾಕಿದರು, ತಜ್ಞರು ಏನೆಂದರು, ಯಾಕೆ ಬೇಡ ಎಂದರು ಎಲ್ಲವನ್ನೂ ತನ್ನ ವೆಬ್‌ಸೈಟಿನಲ್ಲಿ ಹಾಕುತ್ತದೆ. ಮನೆಯಲ್ಲಿ ಕೂತು ಮೊಬೈಲಿನಲ್ಲಿ ನಾನೇ ನೋಡಿದ್ದೇನೆ. ನಮ್ಮ ರಾಷ್ಟ್ರೀಯ ಪಟ್ಟಿಯ ನಿಯಮದಲ್ಲಿ ಒಳ್ಳೆಯ ಮಾತೊಂದಿದೆ: ಒಂದು ಮಾತ್ರೆಯ ಬೆಲೆ ನೋಡಬಾರದು, ಪೂರ್ತಿ ಚಿಕಿತ್ಸೆಯ ಬೆಲೆ ನೋಡಬೇಕು. ಅಜ್ಜಿಯ ಸೆರಗಿನಲ್ಲಿ ಪುಡಿಯಾದ ಮಾತ್ರೆಯ ಬೆಲೆಯನ್ನು ಈ ಲೆಕ್ಕಕ್ಕೆ ಯಾರು ಸೇರಿಸುತ್ತಾರೆ? ಅದನ್ನು ಕಂಡವರು ಸಮಿತಿಯಲ್ಲಿ ಕೂತಿರಬೇಕಲ್ವಾ?

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ತೀರಿಕೊಂಡು ಅವರಿಗೆ ಡ್ರಿಪ್ ಹಾಕಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂದಾಗ ಎಲ್ಲರೂ ಗುಣಮಟ್ಟದ ಬಗ್ಗೆ ಮಾತಾಡಿದರು. ಮಾತಾಡಲೇಬೇಕಿತ್ತು. ನಾನು ಹೇಳುತ್ತಿರುವುದು ಅದಕ್ಕಿಂತ ಒಂದು ಹೆಜ್ಜೆ ಹಿಂದಿನದು. ಟೆಂಡರ್ ಕರೆಯುವ ಮೊದಲೇ, ಏನು ಕೊಳ್ಳಬೇಕು ಎಂದು ಬರೆಯುವ ಹೊತ್ತಿನದು.

ನಾನು ಕೇಳುವುದು ಎರಡೇ. ಪಟ್ಟಿ ತಿದ್ದುವ ಸಮಿತಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಒಬ್ಬ ವೈದ್ಯರು, ಒಬ್ಬ ನರ್ಸ್, ಕಿಟಕಿಯಲ್ಲಿ ಕೂತ ಒಬ್ಬ ಫಾರ್ಮಸಿ ಅಧಿಕಾರಿ ಇರಲಿ. ಸುಮ್ನೆ ಸಹಿ ಹಾಕಲು ಅಲ್ಲ, ಬೇಡ ಎನ್ನುವ ಹಕ್ಕಿನೊಂದಿಗೆ. ಮತ್ತೆ, ಸೇರಿಸಿದ್ದಕ್ಕೂ ಕೈಬಿಟ್ಟದ್ದಕ್ಕೂ ಎದುರಿಗೆ ಒಂದು ಸಾಲಿನ ಕಾರಣ ಕನ್ನಡದಲ್ಲಿ ಬರಲಿ. ಕಾರಣ ಗೊತ್ತಿದ್ದರೆ ಕಿಟಕಿಯಲ್ಲಿ ಜಗಳ ಅರ್ಧ ಕಡಿಮೆಯಾಗುತ್ತದೆ.

ಹೋದ ತಿಂಗಳು ನನ್ನ ಜಾಗಕ್ಕೆ ಬಂದಿರುವ ಹುಡುಗಿ ಫೋನ್ ಮಾಡಿದ್ದಳು. ‘ಅಕ್ಕಾ, ಷರಾ ಕಾಲಂನಲ್ಲಿ ಏನು ಬರೀಬೇಕು? ಎಲ್ಲರೂ ಖಾಲಿ ಬಿಡ್ತಾರಂತೆ’ ಎಂದಳು. ಅಮ್ಲೋಡಿಪಿನ್ 2.5 ಬಂದಿದೆಯಾ ಎಂದು ಕೇಳಿದೆ. ಇಲ್ಲ ಎಂದಳು. ಹಾಗಾದರೆ ಅದನ್ನೇ ಬರೆ ಎಂದೆ.

– ನಿವೃತ್ತ ಫಾರ್ಮಸಿ ಅಧಿಕಾರಿ, ಹಿರಿಯೂರು