ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ: ಸೂಜಿಗೂ ಮೊದಲು ಒಂದು ಹನಿ ರಕ್ತ ನೋಡಿಸಿ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. ಸೇಡಂ ತಾಲೂಕಿನ ಹಳ್ಳಿಯೊಂದರಿಂದ ಬರೆಯುತ್ತಿದ್ದೇನೆ. ಕೇಳುವುದು ಒಂದೇ. ಬೆರಳ ತುದಿಯ ಒಂದು ಹನಿ ರಕ್ತದಿಂದ ಐದಾರು ನಿಮಿಷದಲ್ಲಿ ಸಿಆರ್‌ಪಿ (ಮೈಯಲ್ಲಿ ಸೋಂಕು, ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಒಂದು ಪ್ರೋಟೀನ್) ಎಷ್ಟಿದೆ ಅಂತ ಹೇಳುವ ಚಿಕ್ಕ ಯಂತ್ರವಿದೆ. ಅದನ್ನು ಕಲಬುರಗಿ ಜಿಲ್ಲೆಯ ಪ್ರತಿ ತಾಲೂಕು ಆಸ್ಪತ್ರೆಗೂ ಸಮುದಾಯ ಆರೋಗ್ಯ ಕೇಂದ್ರಕ್ಕೂ ಕೊಡಿ. ದಮ್ಮಿನ ರೋಗಿಗೆ ಆಂಟಿಬಯೋಟಿಕ್ ಬರೆಯುವ ಮೊದಲು ಅದನ್ನು ಬಳಸಲು ಹೇಳಿ.

ನಮ್ಮ ಅವ್ವ ಬೀಡಿ ಮುಟ್ಟಿದವಳಲ್ಲ. ಮದುವೆಯಾಗಿ ಬಂದಾಗಿನಿಂದ ತೊಗರಿ ಕಟ್ಟಿಗೆ ಹಾಕಿ ಒಲೆ ಊದಿದ್ದಾಳೆ. ಗ್ಯಾಸ್ ಬರುವ ಹೊತ್ತಿಗೆ ಶ್ವಾಸಕೋಶ ಕೆಟ್ಟಾಗಿತ್ತು. ಈಗ ಸಿಒಪಿಡಿ, ಅಂದರೆ ಉಸಿರಿನ ದಾರಿ ಕಿರಿದಾಗಿ ಪೂರ್ತಿ ವಾಸಿಯಾಗದೆ ಉಳಿಯುವ ದಮ್ಮು. ನಮ್ಮ ಕಡೆ ಇಂಥವರು ಒಬ್ಬಿಬ್ಬರಲ್ಲ. ಶಹಾಬಾದ್, ಚಿತ್ತಾಪುರದ ಕಡೆ ಕಲ್ಲು ಕೊಯ್ಯುವವರಿದ್ದಾರೆ, ವಾಡಿ, ಮಳಖೇಡದಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ. ಧೂಳು ಕುಡಿದೇ ಬದುಕುವ ಜನ ನಾವು.

ಹೋದ ವರ್ಷ ತೊಗರಿ ರಾಶಿ ಹೊತ್ತಿಗೆ ಅವ್ವನಿಗೆ ದಮ್ಮು ಜಾಸ್ತಿ ಆಯಿತು. ಖಾಸಗಿ ದವಾಖಾನೆಗೆ ಕರೆದುಕೊಂಡು ಹೋದೆವು. ಎದೆಗೆ ಸ್ಟೆತಾಸ್ಕೋಪ್ ಇಡುವ ಮೊದಲೇ ಸೂಜಿ ತಯಾರಾಗಿತ್ತು, ಸೆಫ್ಟ್ರಿಯಾಕ್ಸೋನ್ ಅನ್ನುವ ಆಂಟಿಬಯೋಟಿಕ್. ಆಮೇಲೆ ರಕ್ತ ತೆಗೆದು ಕಲಬುರಗಿಗೆ ಕಳಿಸಿದರು. ರಿಪೋರ್ಟ್ ಬಂದಿದ್ದು ಮರುದಿನ ಸಂಜೆ. ಸಿಆರ್‌ಪಿ ಲೀಟರಿಗೆ ಬರೀ 6 ಮಿಲಿಗ್ರಾಂ. ಎಕ್ಸ್‌ರೇಯಲ್ಲಿ ನ್ಯುಮೋನಿಯಾ ಇಲ್ಲ. ಕಫದ ಬಣ್ಣವೂ ಬದಲಾಗಿರಲಿಲ್ಲ. "ಸಾಹೇಬ್ರ, ಮತ್ತೆ ಈ ಸೂಜಿ ಯಾಕ್ರಿ?" ಅಂತ ಕೇಳಿದೆ. "ಶುರು ಮಾಡೀವಲ್ಲ, ಕೋರ್ಸ್ ಮುಗಿಸಿಬಿಡ್ರಿ" ಅಂದರು. ಮೇಲಿಂದ ಲಿವೊಫ್ಲಾಕ್ಸಾಸಿನ್ ಅನ್ನುವ ಇನ್ನೊಂದು ಆಂಟಿಬಯೋಟಿಕ್ ಗುಳಿಗೆಯನ್ನೂ ಬರೆದರು.

ಅವ್ವನಿಗೆ ಭೇದಿ ಹತ್ತಿತು. ದಮ್ಮು ನೆಬ್ಯುಲೈಜರ್‌ಗೆ, ಸ್ಟೀರಾಯ್ಡ್‌ಗೆ ಇಳಿದಿತ್ತು. ಅವಳನ್ನು ನೆಲಕ್ಕೆ ಹಾಕಿದ್ದು ಭೇದಿ. ನೀರಿನ ಲೋಟ ಎತ್ತಲು ಕೈ ನಡುಗುತ್ತಿತ್ತು. ಅಂಗಳದವರೆಗೆ ತಾನಾಗಿ ನಡೆಯುವಷ್ಟರಲ್ಲಿ ಯುಗಾದಿ ಬಂತು. ಬೇಡದ ಔಷಧಕ್ಕೆ ದುಡ್ಡು ನಾವೇ ಕೊಟ್ಟೆವು, ಅದು ತಂದ ರೋಗಕ್ಕೂ ನಾವೇ ಕೊಟ್ಟೆವು. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ತಡೆಯಲು ಆಗುತ್ತಿಲ್ಲ, ಕ್ಷಮಿಸಿ.

ನಾನು ಡಾಕ್ಟರ್ ಅಲ್ಲ. ಆದರೆ ಆಮೇಲೆ ಓದಿ, ಗೊತ್ತಿದ್ದವರನ್ನು ಕೇಳಿ ತಿಳಿದುಕೊಂಡೆ. ಸಿಒಪಿಡಿ ಕೆರಳುವುದು ಬ್ಯಾಕ್ಟೀರಿಯಾದಿಂದ ಮಾತ್ರ ಅಲ್ಲ. ವೈರಸ್, ಹೊಗೆ, ಧೂಳಿನಿಂದಲೂ ಕೆರಳುತ್ತದೆ. ಅವಕ್ಕೆ ಆಂಟಿಬಯೋಟಿಕ್ ಏನೂ ಮಾಡುವುದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ 86 ಕ್ಲಿನಿಕ್‌ಗಳಲ್ಲಿ 653 ಸಿಒಪಿಡಿ ರೋಗಿಗಳ ಮೇಲೆ ನಡೆದ ಅಧ್ಯಯನ 2019ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಮಾಮೂಲಿ ರೀತಿ ನೋಡಿದವರಲ್ಲಿ ಶೇ 77 ಜನ ಆಂಟಿಬಯೋಟಿಕ್ ತೆಗೆದುಕೊಂಡಿದ್ದರು. ಬೆರಳ ರಕ್ತದ ಸಿಆರ್‌ಪಿ ನೋಡಿ ತೀರ್ಮಾನಿಸಿದ ಕಡೆ ಅದು ಶೇ 57ಕ್ಕೆ ಇಳಿಯಿತು. ಔಷಧ ಕಡಿಮೆಯಾಯಿತು ಅಂತ ರೋಗಿಗಳ ಸ್ಥಿತಿ ಕೆಡಲಿಲ್ಲ. ಅಲ್ಲಿನ ಲೆಕ್ಕ ಸರಳ. ಸಿಆರ್‌ಪಿ ಲೀಟರಿಗೆ 20 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಆಂಟಿಬಯೋಟಿಕ್‌ನಿಂದ ಲಾಭ ಆಗುವುದು ಕಷ್ಟ. 40 ದಾಟಿದರೆ ಲಾಭ ಆಗಬಹುದು. ನಡುವೆ ಇದ್ದರೆ ಕಫ ಕೀವಿನಂತಿದೆಯೇ ಅಂತ ನೋಡಬೇಕು. ಕೊನೆಯ ಮಾತು ಡಾಕ್ಟರದ್ದೇ.

ನಮ್ಮಲ್ಲಿ ಕ್ಷಯವೂ ಇದೆ. ಅದರಲ್ಲೂ ಸಿಆರ್‌ಪಿ ಏರಬಹುದು. ಹಾಗಾಗಿ ಕಫ ಪರೀಕ್ಷೆ ಬಿಡಬೇಕು ಅಂತ ನಾನು ಹೇಳುತ್ತಿಲ್ಲ. ಆದರೆ ಅವ್ವನಿಗೆ ಸುಮ್ನೆ ಬರೆದುಕೊಟ್ಟ ಲಿವೊಫ್ಲಾಕ್ಸಾಸಿನ್, ಮಾಮೂಲಿ ಔಷಧಕ್ಕೆ ಬಗ್ಗದ ಕ್ಷಯಕ್ಕೆ ಬೇಕಾಗುವ ಮದ್ದು. ಅದನ್ನು ಕೆಮ್ಮಿಗೆಲ್ಲ ಕೊಟ್ಟರೆ ಕ್ಷಯ ಇದ್ದರೂ ಬೇಗ ಗೊತ್ತಾಗುವುದಿಲ್ಲ. ನಾಳೆ ನಿಜವಾಗಿ ಬೇಕಾದವರಿಗೆ ಅದು ಕೆಲಸ ಮಾಡದೇ ಹೋದರೆ ಏನು ಗತಿ?

ಔಷಧ ಮಾರಾಟದ ಶೆಡ್ಯೂಲ್ ಎಚ್1 ನಿಯಮ ನಿಮಗೆ ಗೊತ್ತಿರುವುದೇ. 2014ರಿಂದ ಜಾರಿಯಲ್ಲಿದೆ. ಚೀಟಿ ಇಲ್ಲದೆ ಇಂಥ ಔಷಧ ಮಾರಬಾರದು, ಮಾರಿದ್ದನ್ನು ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಡಬೇಕು. ಆದರೆ ಚೀಟಿಯೇ ಅಂದಾಜಿನ ಮೇಲೆ ಬಂದರೆ ರಿಜಿಸ್ಟರ್ ಏನು ಮಾಡೀತು? ಅಂದಾಜು ತಪ್ಪಿಸಲು ಡಾಕ್ಟರ ಟೇಬಲ್ ಮೇಲೇ ಯಂತ್ರ ಬೇಕು. ಮರುದಿನ ಬರುವ ರಿಪೋರ್ಟ್ ಯಾರಿಗೂ ಉಪಯೋಗವಿಲ್ಲ.

ಇಲ್ಲಿ ಅರ್ಜಿ ಕೊಟ್ಟರೆ "ಮೇಲಕ್ಕೆ ಕಳಿಸಿದ್ದೇವೆ" ಅನ್ನುತ್ತಾರೆ. ಆ ಮೇಲೆ ಅಂದರೆ ನೀವೇ ಅಲ್ವಾ? ಅದಕ್ಕೇ ನೇರವಾಗಿ ನಿಮಗೇ ಬರೆಯುತ್ತಿದ್ದೇನೆ. ಹಣ ಇಲ್ಲ ಅನ್ನಬೇಡಿ. ನಮ್ಮ ಭಾಗಕ್ಕೆಂದೇ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ, ಅದರ ಕಚೇರಿ ಇರುವುದೂ ಕಲಬುರಗಿಯಲ್ಲೇ. ಯಂತ್ರ ಕೊಡಿ. ಅದರ ಕಿಟ್ ಖಾಲಿಯಾಗದಂತೆ ನೋಡಿಕೊಳ್ಳಿ. ಪರೀಕ್ಷೆ ಉಚಿತವಾಗಿರಲಿ. ಖಾಸಗಿ ದವಾಖಾನೆಯವರೂ ರೋಗಿಯನ್ನು ಅಲ್ಲಿಗೆ ಕಳಿಸುವಂತಾಗಲಿ.

ಈ ಚಳಿಗಾಲ ಶುರುವಾಗುವ ಮೊದಲು ಆದೇಶ ಹೊರಡಿಸಿ. ಆಗುವುದಿಲ್ಲ ಅಂದರೆ ಯಾಕೆ ಆಗುವುದಿಲ್ಲ ಅಂತ ಬರವಣಿಗೆಯಲ್ಲಿ ತಿಳಿಸಿ.

ಇಂತಿ,
ಸೇಡಂ ತಾಲೂಕಿನ ಒಬ್ಬ ರೈತ