ಊರಂಚಿನ ವೀರಗಲ್ಲು: ಮಗಳಿಗೊಂದು ಪತ್ರ

ತಳಿ, ಕೃಷ್ಣಗಿರಿ ಜಿಲ್ಲೆ

ಪ್ರೀತಿಯ ಮಗಳಿಗೆ ಆಶೀರ್ವಾದಗಳು.

ನಮ್ಮ ಹೊಲದ ದಾರಿಯಲ್ಲಿ ಹುಣಸೆಮರದ ಬುಡದಲ್ಲಿರುವ ಕಲ್ಲು ಯಾವ ರಾಜನದು ಎಂದು ನೀನು ಫೋನಿನಲ್ಲಿ ಕೇಳಿದಾಗ ಅರ್ಧ ಉತ್ತರ ಕೊಟ್ಟಿದ್ದೆ, ಉಳಿದದ್ದನ್ನು ಬರೆಯುತ್ತಿದ್ದೇನೆ. ಅದು ರಾಜನದಲ್ಲ. ಊರ ದನಗಳನ್ನು ಹೊಡೆದುಕೊಂಡು ಹೋಗಲು ಬಂದವರಿಗೆ ಅಡ್ಡ ನಿಂತು ಪ್ರಾಣ ಬಿಟ್ಟ ಯಾರೋ ಒಬ್ಬ ಊರಿನವನದು.

ಇಂಥ ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ತಲೆಗೂದಲನ್ನು ಗಂಟು ಹಾಕಿಕೊಂಡು ಬಿಲ್ಲು ಹಿಡಿದವನಿದ್ದಾನೆ. ಅವನ ಎದೆಗೂ ತೊಡೆಗೂ ಬಾಣಗಳು ನೆಟ್ಟಿವೆ, ಹಿಂದೆ ಮೂರು ಹಸುಗಳಿವೆ. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ತೋಳು ಹಿಡಿದು ಮೇಲಕ್ಕೊಯ್ಯುತ್ತಿದ್ದಾರೆ. ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತವನೂ ಅವನೇ. ತುದಿಯಲ್ಲಿ ಸೂರ್ಯ ಚಂದ್ರರು. ಅರಿಶಿನ, ಎಣ್ಣೆ ಮೆತ್ತಿ ಮೆತ್ತಿ ಮುಖದ ಗೆರೆಗಳು ಮುಚ್ಚಿಹೋಗಿದ್ದರೂ ಬಾಣಗಳು ಮಾತ್ರ ಈಗಲೂ ಬೆರಳಿಗೆ ತಾಗುತ್ತವೆ.

ಮೂರು ಹಸುಗಳಿಗಾಗಿ ಸಾಯುವುದೇ ಎಂದು ನಿನಗೆ ಅನ್ನಿಸಬಹುದು. ರಾಗಿ, ಹುರುಳಿ ಬೆಳೆಯುವ ನಮ್ಮ ಒಣನೆಲದಲ್ಲಿ ದನ ಹೋಯಿತೆಂದರೆ ಹಾಲಿನೊಡನೆ ಉಳುಮೆಯೂ ಗೊಬ್ಬರವೂ ಹೋದಂತೆಯೇ; ಆಲಂಬಾಡಿ ದನಗಳ ಸೀಮೆಯಿದು. ಶಾಸನಗಳಲ್ಲಿ ತುರುಗೊಳ್, ಪೆಣ್ಬುಯ್ಯಲ್, ಊರಳಿವು ಎಂದು ಮತ್ತೆ ಮತ್ತೆ ಬರುವುದು ದನಗಳನ್ನು, ಹೆಂಗಸರನ್ನು, ಊರನ್ನು ಕಾಯಲು ನಿಂತವರ ಸುದ್ದಿ.

ನೀನಿರುವ ಬೆಂಗಳೂರಿನಲ್ಲೂ ಇಂಥವರಿದ್ದಾರೆ. ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕಿದ ಕಲ್ಲು ಗಂಗರ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಅದರಲ್ಲಿರುವವನು ಊರಿನ ಮೇಲೆ ಬಿದ್ದವರನ್ನು ಎದುರಿಸಿ ಸತ್ತ ಕಿತ್ತಯ. ಬೇಗೂರಿನ ದೇವಾಲಯದ ಕಲ್ಲಿನಲ್ಲಿ, ಸುಮಾರು ಕ್ರಿ.ಶ. 890ರಷ್ಟು ಹಿಂದೆಯೇ, ಬೆಂಗಳೂರೆಂಬ ಹೆಸರು ಸಿಗುವುದೂ ಕಾಳಗವೊಂದರಲ್ಲಿ ಮಡಿದವರ ಸುದ್ದಿಯ ನಡುವೆಯೇ.

ಅಪ್ಸರೆಯರ ವಿಷಯದಲ್ಲಿ ನನಗೆ ಅಷ್ಟು ಆಸಕ್ತಿಯಿಲ್ಲ. ಸತ್ತವನ ಮನೆಯವರಿಗೆ ಏನು ಕೊಟ್ಟರೆಂಬುದನ್ನು ನಾನು ಮೊದಲು ಹುಡುಕುತ್ತೇನೆ. ಕಲ್ನಾಡು, ನೆತ್ತರುಗೊಡಗೆ ಎಂಬ ಹೆಸರಿನಲ್ಲಿ ಅವರಿಗೆ ಭೂಮಿ ಬಿಟ್ಟದ್ದನ್ನು ಎಷ್ಟೋ ಶಾಸನಗಳು ಹೇಳುತ್ತವೆ. ಕಲ್ಲು ನಿಲ್ಲಿಸಿ ಹೂವಿಟ್ಟು ಕೈತೊಳೆದುಕೊಳ್ಳದೆ, ಉಳಿದ ಹೆಂಡತಿ ಮಕ್ಕಳು ಏನು ತಿನ್ನಬೇಕೆಂಬುದನ್ನೂ ಯೋಚಿಸಿದ್ದರಲ್ಲ, ಆ ವಿವೇಕ ನನಗೆ ದೊಡ್ಡದಾಗಿ ಕಾಣುತ್ತದೆ. ಇಂದು ಪ್ರತಿಮೆಯ ಅಳತೆಯ ಮೇಲೆಯೇ ವರ್ಷಗಟ್ಟಲೆ ಜಗಳವಾಡುವವರಿಗೆ ಅದು ಹೊಳೆಯುವುದು ಕಡಿಮೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಂತೂ 949–50ರ ಹೊತ್ತಿಗೆ, ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೂ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ, ಅಂದರೆ ಶೈವ ಪೂಜಾರಿಗೆ, ನಾಯಿಯ ಪಾಪ ತಟ್ಟುವುದೆಂದೂ ಬರೆಸಿದರು. ಅದನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ತಂದಿರಿಸಿದ್ದಾರೆ, ನೋಡು.

ನಮ್ಮ ಕಲ್ಲಿನಲ್ಲಿ ಕಣ್ಣಿಗೆ ಕಾಣುವ ಅಕ್ಷರಗಳಿಲ್ಲ. ಧರ್ಮಪುರಿಯ ಕಡೆ ಇಂಥ ಕಲ್ಲುಗಳನ್ನು ವೇಡಿಯಪ್ಪನೆಂದು ಪೂಜಿಸುತ್ತಾರೆ. ನಮ್ಮಲ್ಲಿಯೂ ಅವನು ದೇವರಾಗಿಯೇ ಉಳಿದಿದ್ದಾನೆ. ಓದಿದವರು ಅರಿಶಿನ ಕುಂಕುಮವನ್ನು ಹಳಿಯುತ್ತಾರಾದರೂ, ಪೂಜೆಯಿಲ್ಲದ ಎಷ್ಟೋ ಕಲ್ಲುಗಳು ಬಟ್ಟೆ ಒಗೆಯುವ ಚಪ್ಪಡಿಗಳಾಗಿ, ಮೋರಿಯ ಹಾಸುಗಲ್ಲುಗಳಾಗಿ ಹೋಗಿರುವುದನ್ನು ನಾನು ಕಂಡಿದ್ದೇನೆ.

ಈಗ ಊರಿನವರು ಆ ಕಲ್ಲಿಗೆ ಎನಾಮೆಲ್ ಬಣ್ಣ ಬಳಿಸಿ, ಸುತ್ತಲೂ ಟೈಲ್ಸ್ ಹಾಕಿಸಬೇಕೆಂದಿದ್ದಾರೆ. ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಬರಹವಿರುವುದುಂಟು. ಬಣ್ಣ ಬಿದ್ದರೆ ಅದನ್ನು ಹುಡುಕುವುದು ಕಷ್ಟ. ಸಂಕ್ರಾಂತಿಗೆ ಬರುವಾಗ ನಿನ್ನ ಒಳ್ಳೆಯ ಕ್ಯಾಮೆರಾ ತೆಗೆದುಕೊಂಡು ಬಾ. ಕತ್ತಲಾದ ಮೇಲೆ ಪಕ್ಕದಿಂದ, ಕಲ್ಲಿನ ಮೈಗೆ ತಾಗುವಂತೆ ಟಾರ್ಚಿನ ಬೆಳಕು ಹಾಯಿಸಿದರೆ ಸವೆದ ಅಕ್ಷರಗಳ ನೆರಳು ಏಳುತ್ತದೆ. ಚಿತ್ರಗಳನ್ನು ಶಾಸನ ಬಲ್ಲವರಿಗೆ ಕಳುಹಿಸೋಣ. ಅಲ್ಲಿಯವರೆಗೆ ಬಣ್ಣದ ಕೆಲಸ ನಿಲ್ಲಿಸುವಂತೆ ಹಿರಿಯರನ್ನು ಕೇಳಿಕೊಂಡಿದ್ದೇನೆ, ಒಪ್ಪಿದ್ದಾರೆ.

ಇಂತು,
ನಿನ್ನ ಅಪ್ಪ